ಮುಂಗಾರಿಗೆ ಮುನ್ನಿನ ಗುಡುಗು ಬಿರುಗಾಳಿ ಮತ್ತು ವಿಮಾನಯಾನ

ಮುಂಬಯಿಯ ಉಪನಗರವಾದ ವಿಲೆ ಪಾರ್ಲೆಯ ನಿವಾಸಿಗಳಿಗೆ ವಿಮಾನದ ಸದ್ದು ಹೊಸದಲ್ಲ. ರೈಲು ನಿಲ್ದಾಣದ ಪೂರ್ವಕ್ಕೆ ಛತ್ರಪತಿ ಶಿವಾಜಿ ಮಹಾರಾಜ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಪಶ್ಚಿಮಕ್ಕೆ, 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಂಚೆ ಹೊತ್ತು ಬಂದಿಳಿದ ಜುಹೂ ನಿಲ್ದಾಣವಿದೆ. 2024ರ ಮೇ 13ರ ಸೋಮವಾರ ಈ ಸದ್ದು ಒಂದು ಗಂಟೆಗೂ ಮಿಕ್ಕಿ ನಿಂತುಹೋಯಿತು. ಧೂಳನ್ನು ಹೊತ್ತ ಬಿರುಗಾಳಿ ನಗರವನ್ನು ಕವಿದು, ಹಗಲಿನಲ್ಲಿಯೇ ಕತ್ತಲಾಯಿತು. ವಿಮಾನಗಳ ಸಂಚಾರವನ್ನು ಸುಮಾರು 66 ನಿಮಿಷ ಸ್ಥಗಿತಗೊಳಿಸಲಾಯಿತು. 15 ವಿಮಾನಗಳನ್ನು ಬೇರೆಡೆಗೆ ಕಳುಹಿಸಲಾಯಿತು. ಸಂಜೆ 5 ಗಂಟೆ 3 ನಿಮಿಷಕ್ಕೆ ಸಂಚಾರ ಪುನರಾರಂಭವಾಯಿತು. ಅದೇ ಗಾಳಿಗೆ ಘಾಟ್ಕೋಪರ್‌ನಲ್ಲಿ ಬೃಹತ್ ಜಾಹೀರಾತು ಫಲಕವೊಂದು ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಮಂದಿ ಪ್ರಾಣ ಕಳೆದುಕೊಂಡರು.

ನಮ್ಮ ರೈತರು ಭರಣಿ, ಕೃತ್ತಿಕೆ ಎಂದು ನಕ್ಷತ್ರಗಳ ಹೆಸರಿನಿಂದ ಕರೆಯುವ ಮಳೆಗಳು ಸುರಿಯುವುದು ಈ ಕಾಲದಲ್ಲಿಯೇ. ಮುಂಗಾರಿನ ಮಳೆ ದಿನಗಟ್ಟಲೆ ಹಿಡಿದು ಸುರಿಯುವಂಥದು. ಏಪ್ರಿಲ್‌ ಮೇ ತಿಂಗಳ ಮಳೆಯ ಸ್ವಭಾವವೇ ಬೇರೆ. ಬಿಸಿಲಿಗೆ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಅರಬ್ಬೀ ಸಮುದ್ರದಿಂದ ಬಂದ ತೇವಾಂಶ ಅದರೊಡನೆ ಸೇರುತ್ತದೆ. ಮೇಲಿನ ಸ್ತರದ ಗಾಳಿ ತಂಪಾಗಿದ್ದರೆ ಈ ಏರಿಕೆಗೆ ತಡೆಯೇ ಇರುವುದಿಲ್ಲ. ತೇವಾಂಶವು ಹನಿಗಟ್ಟುವಾಗ ಬಿಡುಗಡೆಯಾಗುವ ಶಾಖವು ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಹೀಗೆ ಒಂದೆರಡು ಗಂಟೆಗಳಲ್ಲಿಯೇ ಹತ್ತು ಕಿಲೋಮೀಟರಿಗೂ ಎತ್ತರವಾದ ಕಾರ್ಮೋಡವೊಂದು ಬೆಳೆದು ನಿಲ್ಲುತ್ತದೆ.

ಇಂಥ ಮೋಡದಲ್ಲಿ ವಿಮಾನಕ್ಕೆ ಅಪಾಯಗಳು ಹಲವು. ಸಿಡಿಲು ಜನಸಾಮಾನ್ಯರು ಭಾವಿಸುವಷ್ಟು ಭಯಂಕರವಲ್ಲ. ವಿದ್ಯುತ್ತು ಸಾಮಾನ್ಯವಾಗಿ ವಿಮಾನದ ಹೊರಮೈಯ ಮೂಲಕವೇ ಹರಿದುಹೋಗುತ್ತದೆ. ನೆಲದ ಮೇಲೆ ನಿಂತು ಇಂಧನ ತುಂಬುವ ಕೆಲಸಗಾರರಿಗೇ ಅದರಿಂದ ಹೆಚ್ಚು ಭಯ. ಆಲಿಕಲ್ಲಿನ ಮಾತು ಬೇರೆ. 2025ರ ಮೇ 21ರಂದು ದೆಹಲಿಯಿಂದ ಶ್ರೀನಗರಕ್ಕೆ ಹೊರಟ ವಿಮಾನವೊಂದರ ಮೂತಿಯೇ ಆಲಿಕಲ್ಲಿಗೆ ಸಿಕ್ಕಿ ಮುರಿದಿತ್ತು. ಅದು ಸುರಕ್ಷಿತವಾಗಿ ಇಳಿದುದು ಸಮಾಧಾನದ ಸಂಗತಿ.

ಎಲ್ಲಕ್ಕಿಂತ ಕಪಟಿಯಾದುದು ಮೋಡದಿಂದ ಕೆಳಕ್ಕೆ ಧುಮುಕುವ ಗಾಳಿ. ಮಳೆಯೊಡನೆ ಇಳಿಯುವ ಈ ತಣ್ಣನೆಯ ಗಾಳಿ ನೆಲಕ್ಕೆ ಅಪ್ಪಳಿಸಿ, ಕಲ್ಲಿನ ಮೇಲೆ ಸುರಿದ ನೀರಿನಂತೆ ಎಲ್ಲ ದಿಕ್ಕಿಗೂ ಹರಡುತ್ತದೆ. ಇಳಿಯುತ್ತಿರುವ ವಿಮಾನಕ್ಕೆ ಮೊದಲು ಎದುರುಗಾಳಿ ಸಿಗುತ್ತದೆ, ವೇಗ ಏರಿದಂತೆ ತೋರುತ್ತದೆ. ಮರುಕ್ಷಣವೇ ಹಿಂಗಾಳಿ ಹೊಡೆದು ರೆಕ್ಕೆಗಳ ಎತ್ತುವ ಶಕ್ತಿ ಕುಸಿಯುತ್ತದೆ. 1975ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಬೋಯಿಂಗ್ 727 ವಿಮಾನವೊಂದು ಹೀಗೆಯೇ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಆ ಅಪಘಾತವನ್ನು ಪರಿಶೀಲಿಸಿದ ವಿಜ್ಞಾನಿ ಫುಜಿಟಾ ಅವರು ಈ ವಿದ್ಯಮಾನದ ಸ್ವರೂಪವನ್ನು ವಿವರಿಸಿದರು. ಕೆಲವೊಮ್ಮೆ ಇದರ ವ್ಯಾಪ್ತಿ ನಾಲ್ಕು ಕಿಲೋಮೀಟರಿಗೂ ಕಡಿಮೆ, ಆಯುಷ್ಯ ಕೆಲವೇ ನಿಮಿಷ.

ಮುಂಬಯಿಯಲ್ಲಿ ಈ ತೊಂದರೆಗೆ ಸ್ಥಳೀಯ ಕಾರಣವೂ ಕೂಡಿಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ಗಾಳಿ ಸಮುದ್ರದಿಂದ ಬೀಸುವುದರಿಂದ, ಅದಕ್ಕೆ ಎದುರಾಗಿ ವಿಮಾನಗಳು ಸಾಮಾನ್ಯವಾಗಿ ಪೂರ್ವದಿಂದ, ಘಾಟ್ಕೋಪರ್ ಕಡೆಯಿಂದ ಇಳಿಯುತ್ತವೆ. ಸಹ್ಯಾದ್ರಿಯ ಕಡೆಯಿಂದ ಬಿರುಗಾಳಿ ಬಂದರೆ ಎದುರುಗಾಳಿಯು ಹಿಂಗಾಳಿಯಾಗಿಬಿಡುತ್ತದೆ. ಇಲ್ಲಿನ ಎರಡು ಓಡುದಾರಿಗಳು ಒಂದನ್ನೊಂದು ಅಡ್ಡ ಹಾಯುತ್ತವೆಯಾದ್ದರಿಂದ ಎರಡನ್ನೂ ಒಟ್ಟಿಗೆ ಬಳಸುವಂತಿಲ್ಲ. ದಟ್ಟಣೆಯ ವೇಳೆಯಲ್ಲಿ ಗಂಟೆಗೆ ನಲವತ್ತಕ್ಕೂ ಹೆಚ್ಚು ವಿಮಾನಗಳು ಇಳಿದೇಳುವ ಇಂಥಲ್ಲಿ ಒಂದು ಗಂಟೆಯ ತಡೆಯೂ ದೇಶದ ಬೇರೆ ನಿಲ್ದಾಣಗಳವರೆಗೆ ಮುಟ್ಟುತ್ತದೆ.

ಮುನ್ಸೂಚನೆಯ ಕಾರ್ಯ ಬೆಳಗಿನಿಂದಲೇ ಆರಂಭವಾಗುತ್ತದೆ. ಸಾಂತಾಕ್ರೂಜ್ ವೀಕ್ಷಣಾಲಯದಿಂದ ಹಾರಿಬಿಟ್ಟ ಬೆಲೂನು ವಿವಿಧ ಎತ್ತರಗಳ ಉಷ್ಣತೆ, ತೇವಾಂಶಗಳನ್ನು ರೇಡಿಯೋ ಮೂಲಕ ತಿಳಿಸುತ್ತದೆ. ವಾಯುಮಂಡಲ ಎಷ್ಟು ಅಸ್ಥಿರವಾಗಿದೆ, ಮೋಡವು ಬೆಳೆಯಲು ಎಷ್ಟು ಶಕ್ತಿ ಕೂಡಿಟ್ಟುಕೊಂಡಿದೆ ಎಂಬುದು ಇದರಿಂದ ಗೊತ್ತಾಗುತ್ತದೆ. ಆದರೆ "ಇಂದು ಗುಡುಗಬಹುದು" ಎನ್ನುವುದಕ್ಕೂ "ನಾಲ್ಕು ಗಂಟೆಗೆ ವಿಲೆ ಪಾರ್ಲೆಯ ಮೇಲೆ ಗುಡುಗುತ್ತದೆ" ಎನ್ನುವುದಕ್ಕೂ ಬಹಳ ಅಂತರವಿದೆ. ಎರಡನೆಯದನ್ನು ಬೆಳಿಗ್ಗೆಯೇ ಹೇಳಬಲ್ಲ ವಿದ್ಯೆ ಯಾವ ದೇಶದಲ್ಲಿಯೂ ಇಲ್ಲ. ಮೋಡ ಹುಟ್ಟಿದ ಮೇಲೆ ಡಾಪ್ಲರ್ ರಾಡಾರ್‌ನದೇ ಆಸರೆ. ಅದು ಮಳೆಹನಿಗಳಿಂದ ಮರಳಿದ ಅಲೆಗಳನ್ನು ಅಳೆದು, ಹನಿಗಳು ಎಷ್ಟಿವೆ ಎಂಬುದನ್ನಷ್ಟೇ ಅಲ್ಲ, ಗಾಳಿ ತನ್ನ ಕಡೆಗೆ ಬರುತ್ತಿದೆಯೋ ದೂರ ಸರಿಯುತ್ತಿದೆಯೋ ಎಂಬುದನ್ನೂ ತಿಳಿಸುತ್ತದೆ. ಕೊಲಾಬಾದ ರಾಡಾರ್‌ಗೆ ಜೊತೆಯಾಗಿ ವೆರಾವಲಿಯಲ್ಲಿ ಇನ್ನೊಂದನ್ನು 2022ರ ಜನವರಿಯಲ್ಲಿ ಉದ್ಘಾಟಿಸಲಾಯಿತು. ಇವುಗಳ ಆಧಾರದಿಂದ ಮುಂದಿನ ಮೂರು ಗಂಟೆಗಳ ಎಚ್ಚರಿಕೆ ಹೊರಡುತ್ತದೆ. ವಾಯುಮಾರ್ಗದ ವಿಶೇಷ ಎಚ್ಚರಿಕೆಗಳನ್ನು ಮುಂಬಯಿ, ದೆಹಲಿ, ಕೋಲ್ಕತ್ತಾ, ಚೆನ್ನೈ ಕಚೇರಿಗಳು ನೀಡುತ್ತವೆ.

ಎಚ್ಚರಿಕೆ ಹುಸಿಯಾದರೆ ಇಂಧನವೂ ಹೊತ್ತೂ ವ್ಯರ್ಥವಾಗುತ್ತವೆ. ಪದೇ ಪದೇ ಹುಸಿಯಾದರೆ ಕೇಳುವವರ ಕಿವಿ ಮಂದವಾಗುತ್ತದೆ. ಆದರೂ ಎಚ್ಚರಿಕೆ ಕೊಡುವುದೇ ಮೇಲೆಂಬುದಕ್ಕೆ 2022ರ ಮೇ 1ರ ಸಂಜೆ ಸಾಕ್ಷಿ. ಅಂದು ಮುಂಬಯಿಯಿಂದ ಹೊರಟ ವಿಮಾನವೊಂದು ದುರ್ಗಾಪುರದಲ್ಲಿ ಇಳಿಯುವ ಮುನ್ನ ಬಿರುಗಾಳಿಯ ಹೊಯ್ದಾಟಕ್ಕೆ ಸಿಲುಕಿತು. ಬಂಗಾಳದಲ್ಲಿ ಕಾಲವೈಶಾಖಿ ಎನಿಸಿಕೊಳ್ಳುವ ಬಿರುಗಾಳಿಗಳ ಕಾಲವದು. ವಿಮಾನ ಸುರಕ್ಷಿತವಾಗಿಯೇ ನೆಲ ಮುಟ್ಟಿತು. ಆದರೆ ಒಳಗಿದ್ದ ಪ್ರಯಾಣಿಕರಲ್ಲಿ ಹಲವರ ತಲೆ, ಬೆನ್ನುಮೂಳೆಗಳಿಗೆ ಪೆಟ್ಟಾಗಿತ್ತು. ಅವರಲ್ಲೊಬ್ಬರು ಕೆಲವು ತಿಂಗಳ ಬಳಿಕ ತೀರಿಕೊಂಡರು.