ಎರಡು ಅಸರ್‌ಗಳ ನಡುವೆ ಒಂದು ಕೌದಿ

ಕುಪ್ಪೇಲೂರಿಗೆ ಬಂದ ಹೊಸತರಲ್ಲಿ ನಮ್ಮನ್ನು ಗೊಂದಲಕ್ಕೆ ಹಾಕಿದ್ದು ಅಲ್ಲಿನ ಬಿಸಿಲೂ ಅಲ್ಲ, ಜೋಳದ ರೊಟ್ಟಿಯೂ ಅಲ್ಲ, ಅಸರ್ ನಮಾಝಿನ ಹೊತ್ತು.

ಕರಾವಳಿಯ ನಮ್ಮ ಬ್ಯಾರಿಗಳು ಹೆಚ್ಚಿನವರು ಶಾಫಿಈ ಮದ್‌ಹಬಿನವರು. ಮಧ್ಯಾಹ್ನದ ನೆರಳನ್ನು ಬಿಟ್ಟು, ಒಂದು ವಸ್ತುವಿನ ನೆರಳು ಅದರಷ್ಟೇ ಉದ್ದಕ್ಕೆ ಬೆಳೆದರೆ ನಮಗೆ ಅಸರ್ ಆಯಿತು. ಹಾವೇರಿ ಕಡೆಯ ಮುಸ್ಲಿಮರು ಹನಫಿಗಳು. ಅವರಿಗೆ ನೆರಳು ಎರಡರಷ್ಟಾಗಬೇಕು. ಎರಡರ ನಡುವೆ ಹತ್ತಿರ ಹತ್ತಿರ ಒಂದು ಗಂಟೆ. ನಾವು ಮನೆಯಲ್ಲಿ ನಮಾಝ್ ಮುಗಿಸಿ, ಮುಸಲ್ಲಾ ಮಡಚಿಟ್ಟು, ಚಾ ಕುಡಿದು ಲೋಟ ತೊಳೆದರೂ ಮಸೀದಿಯ ಬಾಂಗ್ ಕೇಳುತ್ತಿರಲಿಲ್ಲ. “ಇದೆಂಥ ಊರು ಮಾರಾಯ್ತಿ, ಇಲ್ಲಿ ಹೊತ್ತೇ ಮುಂದೆ ಹೋಗುವುದಿಲ್ಲ” ಎಂದು ಮಾಮಿ ಗೊಣಗುತ್ತಿದ್ದರು.

ಮಾಮಿ ಎಂದರೆ ನಮ್ಮ ಅತ್ತೆ. ನಾವು ಎಂದರೆ ಅವರ ಇಬ್ಬರು ಸೊಸೆಯಂದಿರು. ನಮ್ಮ ಮನೆಯವರಿಬ್ಬರೂ ರಾಣೇಬೆನ್ನೂರಿನಲ್ಲಿ ಒಂದು ಫ್ಯಾನ್ಸಿ ಅಂಗಡಿ ಹಾಕಿದ್ದಾರೆ. ಬಾಡಿಗೆ ಕಡಿಮೆ ಎಂದು 2019ರಲ್ಲಿ ಕುಪ್ಪೇಲೂರಿನಲ್ಲಿ ಮನೆ ಹಿಡಿದದ್ದು. ಮಾಮಿಯ ಬಗ್ಗೆ, ಅವರ ಗೆಳತಿಯ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಇಬ್ಬರೂ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆವು. ಬರೆಯುವುದು ನಮಗೆ ಅಭ್ಯಾಸವಿಲ್ಲ. ಒಬ್ಬಳು ಹೇಳುವುದು, ಇನ್ನೊಬ್ಬಳು ಬರೆಯುವುದು ಮಾಡಿದ್ದೇವೆ.

ಘಟ್ಟ ಹತ್ತಿ ಬಂದ ಬ್ಯಾರಿಗಳಿಗೆ ಮೊದಲು ಸಿಗುವ ಪ್ರಶ್ನೆ ಒಂದೇ. “ಸಾಬ್ರು ಅಂತೀರಿ, ಉರ್ದು ಬರಂಗಿಲ್ಲೇನ್ರೀ?” ನಮ್ಮ ಬ್ಯಾರಿ ಭಾಷೆ ಕೇಳಿದವರು ಕೆಲವರು ಮಲಯಾಳ ಎಂದರು, ಕೆಲವರು ತುಳು ಎಂದರು. ಬ್ಯಾರಿ ಒಂದು ಭಾಷೆ, ಅದಕ್ಕೆ 2009ರಲ್ಲಿ ಸರ್ಕಾರ ಸಾಹಿತ್ಯ ಅಕಾಡೆಮಿಯನ್ನೇ ಮಾಡಿದೆ ಎಂದು ನಾವು ಹೇಳಿದರೆ “ಹೌದೇನ್ರೀ!” ಎನ್ನುತ್ತಿದ್ದರು, ನಂಬಿದಂತೆ ಕಾಣುತ್ತಿರಲಿಲ್ಲ. ನಾವಿಬ್ಬರು ಹೇಗೂ ಶಾಲೆಯ ಕನ್ನಡದಲ್ಲಿ ದಾಟಿಕೊಂಡೆವು. ಮಾಮಿಗೆ ಅದೂ ಇಲ್ಲ. ಬ್ಯಾರಿ, ತುಳು, ಒಂದಿಷ್ಟು ಮುರುಕು ಕನ್ನಡ. ಓಣಿಯ ಮುಸ್ಲಿಂ ಹೆಂಗಸರು ಉರ್ದುವಿನಲ್ಲಿ ಮಾತಾಡಿಸಿದರೆ ಸುಮ್ಮನೆ ನಗುತ್ತಿದ್ದರು. ಮನೆಗೆ ಬಂದು ಅಳುತ್ತಿದ್ದರು.

ಅದಕ್ಕೆ ಇನ್ನೊಂದು ಕಾರಣವಿತ್ತು. ಮಾಮಿಯ ಕೈಗೆ ಕೆಲಸವಿರಲಿಲ್ಲ. ಅವರ ತವರು ಕಾಸರಗೋಡಿನ ತಳಂಗರೆ ಕಡೆ. ತಳಂಗರೆಯ ಬಿಳಿ ಟೊಪ್ಪಿಯ ಹೆಸರು ನಮ್ಮ ಹಿರಿಯರಿಗೆಲ್ಲ ಗೊತ್ತು. ಹೆಂಗಸರು ಮನೆಯಲ್ಲೇ ಕೂತು ಕೈಯಲ್ಲಿ ಹೊಲಿಯುತ್ತಿದ್ದ ಆ ಟೊಪ್ಪಿಗಳು ಕೊಲ್ಲಿ ದೇಶಗಳವರೆಗೆ ಹೋಗುತ್ತಿದ್ದವು. ಯಂತ್ರದ ಅಗ್ಗದ ಟೊಪ್ಪಿ ಬಂದ ಮೇಲೆ ಹೊಲಿಯುವವರು ಬೆರಳೆಣಿಕೆಯಷ್ಟೇ ಉಳಿದರು. ಮಾಮಿ ಮದುವೆಯಾಗಿ ಬಂದ ಮೇಲೆ ಬೀಡಿ ಕಟ್ಟಿದರು, ಆದರೂ ಸೂಜಿ ಬಿಟ್ಟಿರಲಿಲ್ಲ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಟೊಪ್ಪಿ ಹೊಲಿಯುತ್ತಿದ್ದರು. “ಕೈ ಸುಮ್ಮನೆ ಕೂತರೆ ತಲೆ ಸುಮ್ಮನೆ ಕೂರುವುದಿಲ್ಲ” ಎನ್ನುವುದು ಅವರ ಮಾತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಅಂಗಡಿ ಬಾಗಿಲು ಹಾಕಿತು, ಮಸೀದಿಯಲ್ಲಿ ಜಮಾಅತ್ ನಿಂತಿತು. ಮಾಮಿ ಮಾತು ಕಡಿಮೆ ಮಾಡಿದರು. ಊಟವೂ ಕಡಿಮೆಯಾಯಿತು. ಊರಿಗೆ ಕಳಿಸಿಬಿಡೋಣವೇ ಎಂದು ಮನೆಯಲ್ಲಿ ಮಾತು ನಡೆಯುತ್ತಿತ್ತು.

ಓಡಾಟ ಮತ್ತೆ ಶುರುವಾದ ಮೇಲೆ, ಒಂದು ಮಧ್ಯಾಹ್ನ, ನಮ್ಮ ಅಸರ್ ಆಗಿ ಅವರ ಅಸರ್ ಇನ್ನೂ ಆಗದ ಹೊತ್ತಿನಲ್ಲಿ, ಮಾಮಿ ಬಾಗಿಲಲ್ಲಿ ನಿಂತಿದ್ದರು. ಪಕ್ಕದ ಮನೆಯ ಅಜ್ಜಿ ತಮ್ಮ ಕಟ್ಟೆಯ ಮೇಲೆ ಹಳೆ ಸೀರೆಗಳನ್ನು ಹಾಸಿಕೊಂಡು ಕೌದಿ ಹೊಲಿಯುತ್ತಿದ್ದರು. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದೆ ಒದ್ದಾಡುತ್ತಿದ್ದರು. ಮಾಮಿ ಏನೂ ಹೇಳದೆ ಹೋಗಿ ಸೂಜಿ ಇಸಿದುಕೊಂಡು ದಾರ ಪೋಣಿಸಿ ಕೊಟ್ಟರು. ಅಜ್ಜಿ ಮುಖ ನೋಡಿ, “ಬರ್ರಿ ಯಕ್ಕಾ, ಕುಂದರ್ರಿ” ಎಂದರು. ಮಾಮಿ ಕೂತರು. ಅವತ್ತು ಮಸೀದಿಯ ಬಾಂಗ್ ಆಗುವವರೆಗೂ ಏಳಲಿಲ್ಲ.

ಕೌದಿಯನ್ನು ನೋಡದ ಕರಾವಳಿಯ ಓದುಗರಿಗೆ ಒಂದು ಮಾತು. ಅದು ಅಂಗಡಿಯ ರಜಾಯಿಯಲ್ಲ, ಒಳಗೆ ಹತ್ತಿ ತುಂಬುವುದಿಲ್ಲ. ಉಟ್ಟು ಮೆದುವಾದ ನೂಲಿನ ಸೀರೆ, ಧೋತರ, ಮಕ್ಕಳ ಲಂಗ ಇವನ್ನೆಲ್ಲ ಪದರ ಪದರವಾಗಿ ಹಾಸಬೇಕು. ಅಡಿಗೆ ಒಂದು ದೊಡ್ಡ ಸೀರೆ, ಮೇಲೆ ಬಣ್ಣ ಬಣ್ಣದ ತುಂಡುಗಳು. ಆಮೇಲೆ ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಗೆ ಹೊಲಿಯುತ್ತಾ ಹೋಗಬೇಕು. ಸಾವಿರಾರು ಸಣ್ಣ ಹೊಲಿಗೆ. ಬೇಸಿಗೆಗೆ ಹಾಸಲು, ಚಳಿಗೆ ಹೊದೆಯಲು, ಬಾಣಂತಿಗೆ, ತೊಟ್ಟಿಲಿಗೆ ಎಲ್ಲಕ್ಕೂ ಅದೇ. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದು ಕೊಡುವ ಹೆಣ್ಣುಮಕ್ಕಳೂ ಇದ್ದಾರೆ. ಪಕ್ಕದ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರು ಇದನ್ನೇ ಕವಂದಿ ಎನ್ನುತ್ತಾರೆ. ಅವರಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ, ಹೊಲಿಗೆ ಮಾತ್ರ ಒಂದೇ. ನಾಲ್ಕು ಮೂಲೆಗೆ ಅವರು ಹೂವೆಂದು ಸಣ್ಣ ತುಂಡುಗಳನ್ನು ಇಡುತ್ತಾರಂತೆ, ಅದಿಲ್ಲದ ಕವಂದಿ ಬೆತ್ತಲೆ ಇದ್ದಂತೆ ಎನ್ನುತ್ತಾರಂತೆ. ಆ ಕವಂದಿಗಳು ಅಮೆರಿಕದ ಪ್ರದರ್ಶನದವರೆಗೂ ಹೋಗಿ ಬಂದಿವೆ.

ಮಾಮಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಹೊಲಿಗೆ ನೇರ ಬರಬೇಕು ಎಂಬುದಷ್ಟೆ. ಟೊಪ್ಪಿ ಹೊಲಿದ ಕೈ. ಅವರ ಹೊಲಿಗೆ ಎಷ್ಟು ಸಣ್ಣದೆಂದರೆ ಅಜ್ಜಿ ತಲೆಯ ಮೇಲೆ ಕೈಹೊತ್ತು “ಹಿಂಗಾದ್ರ ಮುಗಿಯೋದು ಯಾವಾಗ ಯಕ್ಕಾ? ನಾವೇನು ಸತ್ತ ಮ್ಯಾಲ ಹೊದಿಯೋದೇನು?” ಎಂದು ನಗುತ್ತಿದ್ದರು. ಇಬ್ಬರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ತಿಳಿಯುತ್ತಿತ್ತು. ಅಜ್ಜಿ ತಾವು ಹರೆಯದಲ್ಲಿ ಬೀಜೋತ್ಪಾದನೆಯ ಹೊಲದಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದದ್ದನ್ನು ಹೇಳಿದರೆ, ಮಾಮಿ ಬೀಡಿ ಎಲೆ ಕತ್ತರಿಸುವುದನ್ನು ಕೈಯಲ್ಲೇ ಮಾಡಿ ತೋರಿಸುತ್ತಿದ್ದರು. ಒಂದು ದಿನ ಅಜ್ಜಿ ಒಣಮೆಣಸಿನಕಾಯಿ ತಂದು ಕೊಟ್ಟಾಗ ಮಾಮಿ ಮೂಸಿ ನೋಡಿ “ಬ್ಯಾಡಗಿ!” ಎಂದು ಕೂಗಿದರು. ಹುಟ್ಟಿದಂದಿನಿಂದ ನಮ್ಮ ಮೀನಿನ ಸಾರಿಗೆ ಬಣ್ಣ ಕೊಟ್ಟ ಮೆಣಸು ಇದೇ ಜಿಲ್ಲೆಯದೆಂದು ಅವರಿಗೆ ಗೊತ್ತಾದದ್ದು ಅವತ್ತೇ. ಆಮೇಲೆ ಊರು ಅವರಿಗೆ ಸ್ವಲ್ಪ ಹತ್ತಿರವಾಯಿತು.

ಮಾಮಿ ತಮ್ಮದೇ ಒಂದು ಕೌದಿ ಶುರುಮಾಡಿದರು. ದಿನಕ್ಕೆ ಒಂದೇ ಗಂಟೆ, ಎರಡು ಅಸರ್‌ಗಳ ನಡುವೆ. 2021ರ ರಮಝಾನಿಗೆ ಮೊದಲು ಅದು ಮುಗಿಯುವ ಹಂತಕ್ಕೆ ಬಂತು. ಆಗಲೇ ಒಂದು ಮುನಿಸು ಬಂದದ್ದು.

ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಅದರ ಒಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿಯುವ ಪದ್ಧತಿ ಈ ಕಡೆ ಇದೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಹಸಿದಿರಲು ಬಿಡುವುದಿಲ್ಲ ಎಂಬ ನಂಬಿಕೆ. ಅಜ್ಜಿ ಪ್ರೀತಿಯಿಂದ ಹೋಳಿಗೆಯ ಚೂರು ತಂದಿದ್ದರು. ಮಾಮಿ ಹಿಂದೆ ಸರಿದರು. “ನಮ್ಮಲ್ಲಿ ಹಾಗಿಲ್ಲ” ಎಂದುಬಿಟ್ಟರು. ಬಟ್ಟೆಯಿಂದ ಬರಕತ್ ಬರುತ್ತದೆಂದು ನಂಬುವುದು ಅವರಿಗೆ ಆಗದ ಮಾತು, ತಿನ್ನುವ ವಸ್ತುವನ್ನು ಹೊಲಿದಿಟ್ಟು ಹಾಳುಮಾಡುವುದು ಇನ್ನೂ ಆಗದ ಮಾತು. ಅಜ್ಜಿ ಹೋಳಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದು ಹೋದರು. ಎರಡು ದಿನ ಕಟ್ಟೆಗೆ ಬರಲಿಲ್ಲ.

ನಾವಿಬ್ಬರು ಹೆದರಿದೆವು. ಮಾಮಿಯ ಮಾತು ತಪ್ಪೆಂದು ಹೇಳುವ ಹಾಗಿಲ್ಲ, ಅಜ್ಜಿಯ ಮನಸ್ಸು ನೋಯಿಸಿದ್ದೂ ಸುಳ್ಳಲ್ಲ. ಕಾಲವೂ ಒಳ್ಳೆಯದಲ್ಲ, ಒಂದು ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಹೇಳಲಾಗುವುದಿಲ್ಲ. ಮೂರನೆಯ ದಿನ ಮಾಮಿ ತಾವೇ ಹೋದರು. ಏನು ಹೇಳಬೇಕೆಂದು ನಮ್ಮಿಂದ ಕನ್ನಡದಲ್ಲಿ ಕೇಳಿ ಕಲಿತುಕೊಂಡಿದ್ದರು. “ಯಕ್ಕಾ, ಕೌದಿಗೆ ಹೊಟ್ಟೆ ಇಲ್ಲ. ಮಕ್ಕಳಿಗೆ ಉಂಟು. ಮಕ್ಕಳ ಹೊಟ್ಟೆ ತುಂಬಿಸುವ.”

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ “ಹಂಗಾರ ರೊಟ್ಟಿ ನಾ ಬಡೀತೀನಿ. ನಿಮಗ ಬಡಿಯಾಕ ಬರಂಗಿಲ್ಲ” ಎಂದರು.

ಅಲ್ಲಿಯವರೆಗೆ ಅವರು ನಮ್ಮ ಮನೆಯಲ್ಲಿ ಚಹಾ ಬಿಟ್ಟು ಬೇರೇನೂ ಮುಟ್ಟಿದವರಲ್ಲ. ನಾವೂ ಒತ್ತಾಯಿಸಿದವರಲ್ಲ. ಅವತ್ತು ನಮ್ಮ ಅಡುಗೆಮನೆಯಲ್ಲಿ ಕೂತು, ನಮ್ಮ ಒಲೆಯ ಮೇಲೆ, ಓಣಿಯ ಮಕ್ಕಳಿಗೆಲ್ಲ ಆಗುವಷ್ಟು ರೊಟ್ಟಿ ಬಡಿದರು. ಮಾಮಿ ಕಾಯಿಹಾಲಿಗೆ ಬೆಲ್ಲ ಹಾಕಿ ಕಾಯಿಸಿದರು. ಮಕ್ಕಳು ಜೋಳದ ರೊಟ್ಟಿಯನ್ನು ಕಾಯಿಹಾಲಿನಲ್ಲಿ ಅದ್ದಿ ತಿಂದರು. ಕೊನೆಗೆ ಅಜ್ಜಿ ತಾವೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, “ಸಿಹಿ ಜಾಸ್ತಿ ಆತು” ಎಂದರು. ಕೌದಿಯ ಮೂಲೆ ಮುಚ್ಚಿತು.

ಇದೇ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಕಳಸದ ಗೋವಿಂದ ಭಟ್ಟರ ಶಿಷ್ಯರಾದದ್ದು ಎಲ್ಲರಿಗೂ ತಿಳಿದ ಕತೆ. ಭಾಷಣಗಳಲ್ಲಿ ಅದನ್ನು ಕೇಳಿ ಕೇಳಿ ನಮಗೂ ಸಾಕಾಗಿದೆ. ಹಾವೇರಿಯ ಹೆಸರಾದ ಏಲಕ್ಕಿ ಹಾರವನ್ನು ಕಟ್ಟುವ ಪಟವೇಗಾರ ಮನೆತನದವರು ಮುಸ್ಲಿಮರು ಎಂಬುದನ್ನೂ ಹಾಗೆಯೇ ಹೇಳುತ್ತಾರೆ. ಸತ್ಯವೇ. ಆದರೆ ನಮ್ಮ ಕಟ್ಟೆಯಲ್ಲಿ ನಾವು ಕಂಡದ್ದು ಇನ್ನೊಂದು. ಇಬ್ಬರೂ ತಮ್ಮ ತಮ್ಮ ನಂಬಿಕೆಯನ್ನು ಸ್ವಲ್ಪವೂ ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟದ್ದು ಮುನಿಸನ್ನು ಮಾತ್ರ.

2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅದು ಮುಗಿದು ಕೆಲವು ದಿನಕ್ಕೆ, ಫಜರ್ ನಮಾಝ್ ಮುಗಿಸಿ ಮಲಗಿದ ಮಾಮಿ ಮತ್ತೆ ಏಳಲಿಲ್ಲ. ಊರಿಗೆ ಒಯ್ಯುವುದು ಬೇಡ, ಮಯ್ಯತ್ ತಡಮಾಡಬಾರದು ಎಂದು ಮನೆಯವರು ಇಲ್ಲೇ ದಫನ ಮಾಡಲು ತೀರ್ಮಾನಿಸಿದರು. ಮಾಮಿಗೆ ಯಾರ ಉರ್ದು ತಿಳಿಯುತ್ತಿರಲಿಲ್ಲವೋ ಅದೇ ಓಣಿಯ ಹೆಂಗಸರು ಬಂದು ಸ್ನಾನ ಮಾಡಿಸಿದರು, ಐದು ತುಂಡು ಬಿಳಿ ಬಟ್ಟೆಯಲ್ಲಿ ಕಫನ್ ತೊಡಿಸಿದರು. ನಮ್ಮ ಮದ್‌ಹಬಿನ ಕ್ರಮ ಹೇಗೆಂದು ನಮ್ಮನ್ನು ಕೇಳಿ ಕೇಳಿ ಮಾಡಿದರು. ಅಜ್ಜಿ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದರು. ಯಾರು ಕರೆದರೂ ಏಳಲಿಲ್ಲ.

ತಿಂಗಳಾದ ಮೇಲೆ ಮಾಮಿಯ ಬಟ್ಟೆಗಳ ಪ್ರಶ್ನೆ ಬಂತು. ನಮ್ಮಲ್ಲಿ ಬಡವರಿಗೆ ಕೊಟ್ಟುಬಿಡುವುದು ರೂಢಿ. ಒಳ್ಳೆಯವನ್ನೆಲ್ಲ ಕೊಟ್ಟೆವು. ಉಳಿದ ಸವೆದ ಸೀರೆ, ಕುಪ್ಪಾಯ, ನಮಾಝಿನ ಹಳೆಯ ಬಿಳಿ ಮಕನ ಇವನ್ನು ಯಾರಿಗೂ ಕೊಡುವ ಹಾಗಿರಲಿಲ್ಲ. ಅಜ್ಜಿ ಒಂದು ದಿನ ಬಂದು, “ಯವ್ವಾ, ಅಕ್ಕನ ಅರಬಿ ಕೌದಿ ಮಾಡೂಣೇನು?” ಎಂದು ಮೆಲ್ಲಗೆ ಕೇಳಿದರು. ಸತ್ತವರು ಬಿಟ್ಟುಹೋದದ್ದು ಹಳೆ ಬಟ್ಟೆಯಾದರೂ ವಾರಸುದಾರರದ್ದು. ಗಂಡುಮಕ್ಕಳಿಬ್ಬರನ್ನೂ ಕೇಳಿದೆವು, ದುಬೈಯಲ್ಲಿರುವ ಮಗಳಿಗೆ ಫೋನ್ ಮಾಡಿದೆವು. ಅವಳು ಮಾತಾಡಲಿಲ್ಲ, ಅತ್ತಳು. ಆಮೇಲೆ “ಮಾಡಿ, ನನಗೆ ಕೊಡಿ” ಎಂದಳು.

ಅಡಿಗೆ ಹಾಕಲು ನಮ್ಮಲ್ಲಿ ದೊಡ್ಡ ಬಟ್ಟೆ ಇರಲಿಲ್ಲ. ಅಜ್ಜಿ ತಮ್ಮ ಟ್ರಂಕಿನಿಂದ ಒಂದು ಹಳೆ ಇಳಕಲ್ ಸೀರೆ ತಂದು ಹಾಸಿದರು. ಮೇಲೆ ಮಾಮಿ, ಕೆಳಗೆ ಅಜ್ಜಿ ಎಂದು ನಮ್ಮ ಮಕ್ಕಳು ಹೇಳಿದರು. ಈಗ ಸೂಜಿಗೆ ದಾರ ಪೋಣಿಸುವ ಕೆಲಸ ನಮ್ಮದು. ನಮ್ಮ ಹೊಲಿಗೆ ಮಾಮಿಯದರಷ್ಟು ಸಣ್ಣದಲ್ಲ. ಸೊಟ್ಟ ಹೋದರೆ ಅಜ್ಜಿ ಬೆರಳಿನಿಂದಲೇ ತಡವಿ ಕಂಡುಹಿಡಿದು “ಬಿಚ್ಚು” ಎನ್ನುತ್ತಾರೆ. ಬಿಚ್ಚಿ ಮತ್ತೆ ಹೊಲಿಯುತ್ತೇವೆ.

ಇದರಿಂದ ಏನು ಸಿಗುತ್ತದೆ ಎಂದು ಕೇಳುವವರು ಇದ್ದಾರೆ. ಅಂಗಡಿಯಲ್ಲಿ ಒಳ್ಳೆಯ ಚಾದರ ಸಿಗುತ್ತದೆ, ಇಷ್ಟು ಹೊತ್ತು ಯಾಕೆ ಹಾಳು ಮಾಡುವುದು ಎನ್ನುತ್ತಾರೆ. ಹೌದು, ಹಣದ ಲೆಕ್ಕದಲ್ಲಿ ಇದು ನಷ್ಟವೇ. ಆದರೆ ಮೊಬೈಲ್ ಹಿಡಿದು ಕಳೆಯುವ ಒಂದು ಗಂಟೆಗೂ ಪಕ್ಕದ ಮನೆಯವರ ಜೊತೆ ಒಂದೇ ಬಟ್ಟೆಯ ಎರಡು ಬದಿ ಹಿಡಿದು ಕೂರುವ ಒಂದು ಗಂಟೆಗೂ ಲೆಕ್ಕ ಬೇರೆ. ಪರವೂರಿನಲ್ಲಿ ಮಾತು ಬಾರದೆ ಒಳಗೆ ಕೂತ ಹಿರಿಯರು ನಿಮ್ಮ ಮನೆಯಲ್ಲೂ ಇದ್ದರೆ, ಅವರ ಕೈಗೆ ಮೊದಲು ಏನು ಬರುತ್ತಿತ್ತೆಂದು ಒಮ್ಮೆ ಕೇಳಿ ನೋಡಿ. ನಾವು ಕೇಳಿರಲಿಲ್ಲ. ಕೇಳಿದ್ದು ಪಕ್ಕದ ಮನೆಯ ಸೂಜಿ.

ಕೌದಿಯಲ್ಲಿ ಇನ್ನು ಒಂದು ಮೂಲೆ ಉಳಿದಿದೆ. ಮುಚ್ಚುವ ದಿನ ಓಣಿಯ ಮಕ್ಕಳಿಗೆ ರೊಟ್ಟಿ, ಕಾಯಿಹಾಲು ಆಗಬೇಕು ಎಂದು ಅಜ್ಜಿ ಈಗಲೇ ಹೇಳಿಟ್ಟಿದ್ದಾರೆ. ಬೆಲ್ಲ ಮಾತ್ರ ಕಡಿಮೆ ಹಾಕಬೇಕಂತೆ. ನಮಗೇನೂ ಅವಸರವಿಲ್ಲ. ನಮ್ಮ ಅಸರ್ ಮುಗಿಸಿ ಕಟ್ಟೆಗೆ ಹೋಗಿ ಕೂರುತ್ತೇವೆ. ಬೇವಿನ ಮರದ ನೆರಳು ಉದ್ದವಾಗುತ್ತಾ ನಮ್ಮ ಬಾಗಿಲ ತನಕ ಬರುತ್ತದೆ. ಮಸೀದಿಯಲ್ಲಿ ಮೈಕಿನ ಸದ್ದು ಗರಗರ ಎಂದ ಕೂಡಲೇ ಅಜ್ಜಿ ಸೂಜಿ ಚುಚ್ಚಿಟ್ಟು, “ಬಾಂಗ್ ಆತು ನೋಡ್ರಿ, ಎಮ್ಮಿ ಹಿಂಡೂ ಹೊತ್ತಾತು” ಎಂದು ಏಳುತ್ತಾರೆ.