ಎರಡು ಯಾನಗಳ ನಡುವಣ ಹಗಲು

ಅಮೆರಿಕದ ಮಯಾಮಿ ಬಂದರಿನಲ್ಲಿ ಶನಿವಾರದ ಸೂರ್ಯೋದಯಕ್ಕೆ ಮುಂಚೆಯೇ ವಿಹಾರನೌಕೆಗಳು ಒಂದರ ಹಿಂದೊಂದು ಬಂದು ದಕ್ಕೆಗೆ ತಾಗಿ ನಿಲ್ಲುತ್ತವೆ. ಬಿಸಿಲಿಳಿಯುವ ಹೊತ್ತಿಗೆ ಅವೇ ನೌಕೆಗಳು ಬೇರೆ ಸಹಸ್ರಾರು ಯಾತ್ರಿಕರನ್ನು ಹೊತ್ತು ಕೆರಿಬಿಯನ್ ಸಮುದ್ರದ ಕಡೆಗೆ ಮುಖ ತಿರುಗಿಸುತ್ತವೆ. ನಡುವೆ ಉಳಿಯುವ ಸುಮಾರು ಹತ್ತು ಗಂಟೆಗಳಿಗೆ ಹಡಗಿನವರ ಮಾತಿನಲ್ಲಿ ಟರ್ನ್‌ಅರೌಂಡ್ ಡೇ ಎಂದು ಹೆಸರು. ನಮ್ಮ ಕಡೆಯ ಸಮಾರಾಧನೆಗಳಲ್ಲಿ ಮೊದಲ ಪಂಕ್ತಿ ಎದ್ದು ಎರಡನೆಯ ಪಂಕ್ತಿ ಕೂರುವುದರೊಳಗೆ ಎಂಜಲೆತ್ತಿ, ನೆಲ ಸಾರಿಸಿ, ಹೊಸ ಎಲೆ ಹಾಕುವವರ ಗಡಿಬಿಡಿಯನ್ನು ಕಂಡವರಿಗೆ ಈ ದಿನದ ಸ್ವರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಾತ್ರಿಕರಲ್ಲಿ ಬಹುಮಂದಿ ಈ ಹಗಲಿನ ಒಂದೊಂದು ತುದಿಯನ್ನು ಮಾತ್ರವೇ ಕಾಣುತ್ತಾರೆ. ಒಂದು ಯಾನ ಮುಗಿದ ಮೇಲೂ ಇಳಿದುಹೋಗದೆ, ಅದೇ ಹಡಗಿನಲ್ಲಿ ಮರುಯಾನಕ್ಕೂ ಕೋಣೆ ಹಿಡಿದವರಿಗಷ್ಟೇ ನಡುಭಾಗದ ದರ್ಶನ. ನಾನು ಹಾಗೆ ಉಳಿದದ್ದು ಕಾರ್ಕಳದ ಕಡೆಯ ಒಬ್ಬ ಕ್ಯಾಬಿನ್ ಸ್ಟುವರ್ಡನ ಕೆಲಸವನ್ನು ಕಣ್ಣಾರೆ ನೋಡುವ ಅಪೇಕ್ಷೆಯಿಂದ.

ಹಡಗಿನ ಪುಸ್ತಿಕೆಯೊಂದು ಈ ಉದ್ಯಮದ ಇತಿಹಾಸವನ್ನು ನಾಲ್ಕು ಪುಟಗಳಲ್ಲಿ ಮುಗಿಸಿತ್ತು. 1891ರಲ್ಲಿ ಹ್ಯಾಂಬರ್ಗಿನ ಆಲ್ಬರ್ಟ್ ಬಾಲಿನ್ ಎಂಬಾತ, ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ವಿರಳರಾದಾಗ, ತನ್ನ ಸಂಸ್ಥೆಯ ಆಗಸ್ಟಾ ವಿಕ್ಟೋರಿಯಾ ಹಡಗನ್ನು ಕೇವಲ ವಿಹಾರಾರ್ಥವಾಗಿ ಮೆಡಿಟರೇನಿಯನ್ ಸಮುದ್ರಕ್ಕೆ ಕಳುಹಿಸಿದ. 1966ರಲ್ಲಿ ಟೆಡ್ ಆರಿಸನ್ ಮತ್ತು ನಾರ್ವೆಯ ಕ್ನೂಟ್ ಕ್ಲೋಸ್ಟರ್ ಇಬ್ಬರೂ ಕೂಡಿ ಸನ್‌ವರ್ಡ್ ನೌಕೆಯನ್ನು ಮಯಾಮಿಯಿಂದ ಹೊರಡಿಸಿದರು. ಇಂದು ಅದೇ ಬಂದರಿನಿಂದ, 2024ರ ಜನವರಿಯಲ್ಲಿ ಮೊದಲ ಯಾನ ಕೈಗೊಂಡ ಐಕಾನ್ ಆಫ್ ದ ಸೀಸ್ ಎಂಬ, 365 ಮೀಟರ್ ಉದ್ದದ, ಸುಮಾರು 7,600 ಯಾತ್ರಿಕರನ್ನೂ 2,350 ಸಿಬ್ಬಂದಿಯನ್ನೂ ಧರಿಸಬಲ್ಲ ಮಹಾನೌಕೆ ವಾರವಾರವೂ ಹೊರಡುತ್ತದೆ. ಅಷ್ಟು ಜನರನ್ನು ಇಳಿಸಿ ಅಷ್ಟೇ ಜನರನ್ನು ಹತ್ತಿಸುವುದಕ್ಕೆ ಇರುವುದೂ ಆ ಒಂದೇ ಹಗಲು.

ಹಿಂದಿನ ರಾತ್ರಿ ಕೋಣೆಗಳ ಹೊರಗಿಟ್ಟ ಪೆಟ್ಟಿಗೆಗಳು ಬೆಳಗಾಗುವಷ್ಟರಲ್ಲಿ ದಕ್ಕೆಯ ಮೇಲೆ ಚೀಟಿಯ ಬಣ್ಣ ಮತ್ತು ಅಂಕಿಗಳ ಪ್ರಕಾರ ಸಾಲುಗೊಂಡಿರುತ್ತವೆ. ಒಂದು ಕಡೆ ಕಸ ಇಳಿಯುತ್ತಿದ್ದರೆ ಇನ್ನೊಂದು ಕಡೆ ತರಕಾರಿ, ಹಾಲು, ಮೀನು, ಹೂವುಗಳ ರಾಶಿಗಳು ಫೋರ್ಕ್‌ಲಿಫ್ಟ್ ಏರಿ ಒಳಸೇರುತ್ತವೆ. ಹಡಗಿನ ಉದ್ದಕ್ಕೂ ಕೆಳಗೆ ಹಾಯುವ ಸಿಬ್ಬಂದಿಯ ಓಣಿಗೆ, ಅಮೆರಿಕದ ಪೂರ್ವ ಕರಾವಳಿಯ ಹೆದ್ದಾರಿಯ ಹೆಸರನ್ನೇ ಇಟ್ಟು, ಐ-95 ಎನ್ನುತ್ತಾರೆ.

ಮರುಯಾನಕ್ಕೆ ಉಳಿದ ನಮ್ಮಂಥವರನ್ನು ಒಂದು ಸಭಾಂಗಣದಲ್ಲಿ ಸೇರಿಸಿ, ಕೈಗೆ ಇನ್-ಟ್ರಾನ್ಸಿಟ್ ಚೀಟಿ ಕೊಟ್ಟು, ದಡಕ್ಕೆ ಕರೆದೊಯ್ದು, ಗಡಿ ಮತ್ತು ಸುಂಕದ ಅಧಿಕಾರಿಗಳ ಮುಂದೆ ಹಾಯಿಸಿದರು. ಹಳೆಯ ಯಾನದ ಕೊನೆಯ ಯಾತ್ರಿಕನೂ ಇಳಿದು, ಪಟ್ಟಿಯಲ್ಲಿ ಸಂಖ್ಯೆ ಸೊನ್ನೆಗೆ ಬಾರದೆ ಹೊಸ ಯಾನಕ್ಕೆ ಒಬ್ಬನನ್ನೂ ಹತ್ತಿಸುವಂತಿಲ್ಲ. ಅಷ್ಟೇ ಅಲ್ಲ, ವಿದೇಶೀ ಧ್ವಜದ ಹಡಗು ಅಮೆರಿಕದ ಒಂದು ಬಂದರಿನಲ್ಲಿ ಹತ್ತಿದವರನ್ನು, ದೂರದ ವಿದೇಶೀ ಬಂದರನ್ನು ಮುಟ್ಟದೆ, ಅದೇ ದೇಶದ ಮತ್ತೊಂದು ಬಂದರಿನಲ್ಲಿ ಇಳಿಸಬಾರದೆಂಬ 1886ರ ಕಾನೂನು ಇಂದಿಗೂ ಜಾರಿಯಲ್ಲಿರುವುದರಿಂದ, ಬೆನ್ನುಬೆನ್ನಿನ ಎರಡು ಯಾನಗಳನ್ನು ಆ ಕಾನೂನು ಒಂದೇ ಪ್ರಯಾಣವೆಂದು ಎಣಿಸುವ ಸಂದರ್ಭಗಳೂ ಉಂಟು. ಸ್ವಲ್ಪ ಹೊತ್ತಿಗೆ ನಾವು ಹಿಂದಿರುಗಿದೆವು. ನಿನ್ನೆಯವರೆಗೆ ಒರಗುಕುರ್ಚಿಗಾಗಿ ಪೈಪೋಟಿ ನಡೆಯುತ್ತಿದ್ದ ಈಜುಕೊಳದ ಅಂಗಳ ನಿರ್ಜನವಾಗಿತ್ತು.

ನಿರ್ಜನವಾಗಿದ್ದದ್ದು ಆ ಅಂಗಳವೊಂದೇ. ಕೋಣೆಗಳ ಓಣಿಯಲ್ಲಿ ಎರಡೂ ಬದಿಯ ಬಾಗಿಲುಗಳು ತೆರೆದು, ಹಾಸು ಹೊದಿಕೆಗಳ ಮೂಟೆಗಳು ಮೊಣಕಾಲೆತ್ತರಕ್ಕೆ ಬಿದ್ದಿದ್ದವು. "ಇವತ್ತು ಮಾತಾಡ್ಲಿಕ್ಕೆ ಪುರುಸೊತ್ತಿಲ್ಲ ಮಾರಾಯ್ರೆ, ನೀವು ನಿಂತು ನೋಡಿ, ಅಡ್ಡಿ ಇಲ್ಲ" ಎಂದ ನಮ್ಮ ಸ್ಟುವರ್ಡ್. ಅವನ ಪಾಲಿಗೆ ಹದಿನೆಂಟು ಕೋಣೆಗಳು. ಒಳಹೊಕ್ಕವನು ಮೊದಲು ಮಂಚದ ಅಡಿ, ಡ್ರಾಯರು, ತಿಜೋರಿ, ದಿಂಬಿನ ಗವಸು ಇವಿಷ್ಟನ್ನೂ ಶೋಧಿಸಿ, ಮರೆತುಹೋದ ಚಾರ್ಜರು, ಕನ್ನಡಕ, ಒಂದೆಡೆ ಕಟ್ಟಿಸಿದ ಹಲ್ಲುಸೆಟ್ಟನ್ನೂ ಹೊರತೆಗೆದು, ಕೋಣೆಯ ಸಂಖ್ಯೆ ಬರೆದ ಚೀಲಕ್ಕೆ ಹಾಕಿದ. ಆಮೇಲೆ ಪಟ್ಟಿ ನೋಡಿದ: ದಂಪತಿಗಳು ಬಿಟ್ಟ ಕೋಣೆಗೆ ಇಬ್ಬರು ಗೆಳತಿಯರು ಬರುವವರಿದ್ದರು, ಆದುದರಿಂದ ಕೂಡಿದ ಮಂಚವನ್ನು ಎರಡಾಗಿ ಬೇರ್ಪಡಿಸಬೇಕು. ಸೊಂಟದ ಮೇಲೆ ಭಾರ ಬೀಳದಂತೆ ಮೊಣಕಾಲು ಮಡಿಸಿ, ಹಾಸಿಗೆಯ ಒಂದಂಚನ್ನು ಎತ್ತಿ ಅವನು ಮಂಚವನ್ನು ಸರಿಸಿದ ರೀತಿಯಲ್ಲೇ ಬಹುವರ್ಷಗಳ ಅಭ್ಯಾಸ ಕಾಣುತ್ತಿತ್ತು.

ಮಗ್ಗುಲುಹಾಸನ್ನು ಒಮ್ಮೆ ಕೊಡವಿದ. ಅದು ಹಾಸಿಗೆಯ ಮೇಲೆ ನಾಲ್ಕು ಕಡೆಗೂ ಸಮನಾಗಿ ಇಳಿಯಿತು. ಪಾದದ ಕಡೆಯ ಅಂಚನ್ನು ಅಡಿಗೆ ಸೇರಿಸಿ, ಪಕ್ಕದಲ್ಲಿ ಜೋತ ಬಟ್ಟೆಯನ್ನು ತ್ರಿಕೋನವಾಗಿ ಮೇಲೆತ್ತಿ ಹಾಸಿಗೆಯ ಮೇಲಿಟ್ಟು, ಉಳಿದ ಜೋಲನ್ನು ಒಳದೂಡಿ, ಆ ತ್ರಿಕೋನವನ್ನು ಇಳಿಸಿ ಅಂಗೈಯಿಂದ ಒತ್ತಿದಾಗ ಮೂಲೆಯಲ್ಲಿ ನಲವತ್ತೈದು ಡಿಗ್ರಿಯ ಗೆರೆಯೊಂದು ಮೂಡಿತು. ಕಪಾಟಿನ ಜೀವರಕ್ಷಕ ಅಂಗಿಗಳನ್ನು ಎಣಿಸಿದ. ದೀಪದ ಗುಂಡಿ, ಬಾಗಿಲ ಹಿಡಿ, ಟಿವಿ ರಿಮೋಟುಗಳನ್ನು ಔಷಧಿಯಿಂದ ಒರೆಸಿದ. ಸಾರ್ವಜನಿಕ ಆರೋಗ್ಯ ಇಲಾಖೆಯ ನೈರ್ಮಲ್ಯ ಪರೀಕ್ಷಕರು ಪೂರ್ವಸೂಚನೆಯಿಲ್ಲದೆ ಹಡಗೇರಬಹುದು. ನೂರಕ್ಕೆ 86 ಅಂಕ ಬಾರದಿದ್ದರೆ ಹಡಗು ಅನುತ್ತೀರ್ಣ.

ಮಧ್ಯಾಹ್ನದ ಹೊತ್ತಿಗೆ ಕೋಣೆಗಳು ಸಿದ್ಧವಾಗುತ್ತಲೇ, ಅವನೇ ಬೇರೆ ಅಂಗಿ ತೊಟ್ಟು ಸುರಕ್ಷಾ ಕವಾಯತಿನ ಠಾಣೆಗೆ ಹೋದ. 2012ರಲ್ಲಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಾಗಿ 32 ಮಂದಿ ಪ್ರಾಣ ನೀಗಿದಾಗ, ಆ ಸಂಜೆ ಹತ್ತಿದವರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಈಗ ಹೊರಡುವ ಮುನ್ನ ಇಲ್ಲವೆ ಹೊರಟ ಕೂಡಲೇ ಅದು ಆಗತಕ್ಕದ್ದೆಂಬುದು ಅಂತರರಾಷ್ಟ್ರೀಯ ನಿಯಮ. ದುಡಿಯುವವನ ರಕ್ಷಣೆಗೂ ನಿಯಮವಿಲ್ಲದಿಲ್ಲ: 2006ರ ಕಡಲ ಕಾರ್ಮಿಕರ ಒಪ್ಪಂದದ ಪ್ರಕಾರ ದಿನಕ್ಕೆ 10 ಗಂಟೆ, ವಾರಕ್ಕೆ 77 ಗಂಟೆಗಳ ವಿಶ್ರಾಂತಿ ಸಲ್ಲಬೇಕು. ಆದರೆ ವಿಶ್ರಾಂತಿಯೇ ಬೇರೆ, ನೆಲ ಮುಟ್ಟುವುದೇ ಬೇರೆ. ಬಂದರಿನಲ್ಲಿ ನಿಂತಾಗಲೂ ತುರ್ತಿಗೆಂದು ಸಿಬ್ಬಂದಿಯ ಒಂದು ಭಾಗ ಹಡಗಿನಲ್ಲೇ ಇರಬೇಕಾದ ಇನ್-ಪೋರ್ಟ್ ಮ್ಯಾನಿಂಗ್ ಪಾಳಿ ಇರುವುದರಿಂದ, ಮಯಾಮಿಗೆ ವಾರವಾರವೂ ಬರುವ ಈತನಿಗೆ ಮಯಾಮಿ ಊರು ಅಷ್ಟಾಗಿ ಗೊತ್ತಿಲ್ಲ.

ತಿಂಗಳುಗಟ್ಟಲೆಯ ಕರಾರು ಮುಗಿದು ಮನೆಗೆ ಬಂದರೂ ಬಿಡುವು ಪೂರ್ತಿ ಅವನದಲ್ಲ. ವೈದ್ಯಕೀಯ ತಪಾಸಣೆ, ವೀಸಾದ ಓಡಾಟ, ಐದು ವರ್ಷಕ್ಕೊಮ್ಮೆ ಬೆಂಕಿ ಆರಿಸುವುದರ ಹಾಗೂ ಜೀವರಕ್ಷಣೆಯ ತರಬೇತಿಯ ನವೀಕರಣ ಎಂದು ರಜೆ ಸವೆಯುತ್ತಾ, ಮಗಳು ಅಪ್ಪನಿಗೆ ಒಗ್ಗಿಕೊಳ್ಳುವ ಹೊತ್ತಿಗೆ ಮತ್ತೆ ಹಡಗು ಸೇರುವ ಕರೆ ಬರುತ್ತದೆ. ಎರಡು ಯಾನಗಳ ನಡುವಿನ ಹಗಲಿನಂತೆಯೇ ಎರಡು ಕರಾರುಗಳ ನಡುವಿನ ಸಂಸಾರವೂ ಅವಸರದಲ್ಲೇ ಕಳೆಯುತ್ತದೆ. ಕರಾವಳಿಯ ಎಷ್ಟೋ ಹೆಂಚಿನ ಮನೆಗಳು ತಾರಸಿಯಾದದ್ದು ಈ ಅವಸರದ ದುಡಿಮೆಯಿಂದ.

ನಮ್ಮ ಪಣಂಬೂರಿನ ಬಂದರಿಗೂ ವಿದೇಶೀ ವಿಹಾರನೌಕೆಗಳು ಬರುತ್ತವೆ. ಯಾತ್ರಿಕರನ್ನು ಸಂಭ್ರಮದಿಂದ ಸ್ವಾಗತಿಸಿ, ಕುದ್ರೋಳಿ ದೇವಸ್ಥಾನವನ್ನೂ ಸಂತ ಅಲೋಶಿಯಸ್ ಚಾಪೆಲನ್ನೂ ತೋರಿಸಿ ಕಳುಹಿಸುತ್ತೇವೆ. ತಾನಿರುವ ಹಡಗು ಒಮ್ಮೆಯಾದರೂ ಅಲ್ಲಿಗೆ ಬರಬೇಕು, ತನ್ನ ಕೆಲಸದ ಜಾಗವನ್ನು ತಾಯಿಗೆ ತೋರಿಸಬೇಕು ಎಂಬುದು ನಮ್ಮ ಸ್ಟುವರ್ಡನ ಆಸೆ. "ಬಂದ್ರೂ ಆವತ್ತು ಪಾಳಿ ನಂದೇ ಆದ್ರೆ ಏನ್ಮಾಡ್ಲಿಕ್ಕುಂಟು?" ಎಂದು ಅವನೇ ಕೇಳಿಕೊಂಡ. ಬಂದವರಿಗೆ ಹಾರ ಹಾಕುವ ನಾವು, ಅದೇ ಹಡಗಿನ ಕೆಳ ಅಂತಸ್ತಿನಲ್ಲಿ ದುಡಿಯುತ್ತಿರಬಹುದಾದ ನಮ್ಮೂರ ಮಕ್ಕಳನ್ನೂ ವಿಚಾರಿಸಿ, ಒಂದು ತಾಸಿನ ಮಟ್ಟಿಗಾದರೂ ಅವರು ಮನೆಯವರನ್ನು ಕಾಣುವಂತೆ ಮಾಡುವ ಕಾಲ ಬಂದರೆ, ಅದು ಅವರ ದುಡಿಮೆಗೆ ಊರು ಸಲ್ಲಿಸುವ ಅಲ್ಪ ಗೌರವವಾದೀತು.