ಹೂತ ಚಕ್ರಕ್ಕೆ ಜ್ಯಾಕ್ ಕೊಡುವ ಮುನ್ನ

ಹಿಂದೂಪುರದ ಆಸುಪಾಸಿನಲ್ಲಿ ಪೆನ್ನಾ ನದಿಯೆಂದರೆ ವರ್ಷದ ಬಹುಪಾಲು ಬರೀ ಮರಳು. ನಂದಿಬೆಟ್ಟದ ಸೀಮೆಯಿಂದ ಬರುವ ಈ ಉತ್ತರ ಪಿನಾಕಿನಿಗೆ ಪರಿಗಿಯ ಬಳಿ ಜಯಮಂಗಲಿ ಕೂಡುತ್ತದೆ. ಆಮೇಲೆ ಅದು ಪಾವಗಡ ತಾಲ್ಲೂಕಿನ ನಾಗಲಮಡಿಕೆಯನ್ನು ಸವರಿಕೊಂಡು ಮತ್ತೆ ಆಂಧ್ರದ ಪೇರೂರಿನತ್ತ ಹೊರಳುತ್ತದೆ. ಕಲ್ಯಾಣದುರ್ಗದಿಂದ ಪಶ್ಚಿಮಕ್ಕೆ ಹೋದರೆ ವೇದಾವತಿಯದೂ ಇದೇ ಪಾಡು. ಸುತ್ತು ದಾರಿ ಯಾಕೆ, ಫೋರ್‌ವೀಲ್ ಡ್ರೈವ್ ಇದೆಯಲ್ಲ ಎಂದು ಇಂಥ ನದಿಗೆ ಗಾಡಿ ಇಳಿಸುವವರಿಗೇನೂ ಕಡಿಮೆಯಿಲ್ಲ.

ಮೇಲೆ ಒಣಗಿದಂತೆ ಕಂಡರೂ ಈ ಮರಳಿನ ಅಡಿಯಲ್ಲಿ ಒರತೆಯಿರುತ್ತದೆ. ಈ ಸೀಮೆಯ ಹಿರಿಯರು ತಲಪರಿಗೆ ತೋಡುತ್ತಿದ್ದುದು ಇಂಥ ನೀರಿಗೇ. ಹದವಾಗಿ ಒದ್ದೆಯಾದ ಮರಳು ಗಟ್ಟಿ. ಕಣಗಳ ನಡುವಿನ ನೀರಿನ ತೆಳು ಪೊರೆ ಅವನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಪೂರ್ತಿ ಒಣಗಿದರೆ ಆ ಹಿಡಿತ ಹೋಯಿತು. ಸಂದುಗಳಲ್ಲೆಲ್ಲ ನೀರು ತುಂಬಿದರೂ ಹೋಯಿತು: ಅದುಮಿದಾಗ ಭಾರವನ್ನು ಕಣಗಳ ಬದಲು ನೀರು ಹೊರತೊಡಗುತ್ತದೆ, ಮರಳು ಜರುಗತೊಡಗುತ್ತದೆ. ಎಕ್ಸಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ನೀರು ಹರಿಯುತ್ತಿದ್ದರಂತೂ ಜ್ಯಾಕಿನ ಮಾತೇ ಬೇಡ. 2021ರ ನವೆಂಬರಿನಲ್ಲಿ ಇದೇ ಸೀಮೆಯ ಚಿತ್ರಾವತಿ ಉಕ್ಕಿದಾಗ ವೆಲ್ದುರ್ತಿಯ ಬಳಿ ಒಂದು ಕಾರು ಸಿಕ್ಕಿಕೊಂಡಿತು. ಬಿಡಿಸಲು ಹೋದ ಜೆಸಿಬಿಯೂ ಸಿಕ್ಕಿಕೊಂಡಿತು. ಕಡೆಗೆ ವಾಯುಪಡೆಯ ಹೆಲಿಕಾಪ್ಟರ್ ಬಂದು 10 ಮಂದಿಯನ್ನು ಎತ್ತಿಕೊಂಡು ಹೋಗಬೇಕಾಯಿತು.

ಒಣ ಮರಳಿನಲ್ಲಿ ಮೊದಲ ಮದ್ದು ಟೈರಿನ ಗಾಳಿ ಇಳಿಸುವುದು. 30 ಪಿಎಸ್ಐ ಇದ್ದುದನ್ನು 15ರ ಸುಮಾರಿಗೆ ತಂದರೆ ಟೈರು ಚಪ್ಪಟೆಯಾಗಿ, ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ. ಎಷ್ಟೋ ಗಾಡಿಗಳು ಇಷ್ಟಕ್ಕೇ ಮೇಲೆ ಬರುತ್ತವೆ. ಆಕ್ಸಲ್ ಹೌಸಿಂಗ್ ಮರಳಿನ ಮೇಲೆ ಕೂತುಬಿಟ್ಟಿದ್ದರೆ ಮಾತ್ರ ಜ್ಯಾಕ್ ತೆಗೆಯಬೇಕು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. 30 ಪಿಎಸ್ಐ ಟೈರು ಒಂದು ಚದರ ಸೆಂಟಿಮೀಟರಿಗೆ ಸುಮಾರು 2.1 ಕೆಜಿ ಭಾರ ಹೇರುತ್ತದೆ. ಆ ಭಾರಕ್ಕೇ ನೆಲ ಕುಸಿದಿದೆ. ಈಗ 10 ಸೆಂಮೀ ಅಗಲ, 18 ಸೆಂಮೀ ಉದ್ದದ ಪಾದವಿರುವ ಜ್ಯಾಕಿನಿಂದ 500 ಕೆಜಿ ಎತ್ತಲು ಹೊರಟರೆ ಆ ಪಾದದಡಿಯ ಒತ್ತಡ 2.8 ಕೆಜಿ. ಟೈರನ್ನೇ ಹೊರಲಾರದ ಮರಳು ಜ್ಯಾಕನ್ನು ಹೊತ್ತೀತೇ? ನೀವು ಹ್ಯಾಂಡಲ್ ಹೊಡೆದಂತೆಲ್ಲ ಗಾಡಿ ಇದ್ದಲ್ಲೇ ಇರುತ್ತದೆ, ಜ್ಯಾಕ್ ಕೆಳಗಿಳಿಯುತ್ತದೆ. ಅದೇ ಪಾದದಡಿ 30 ಸೆಂಮೀ ಅಗಲ, 50 ಸೆಂಮೀ ಉದ್ದದ ಹಲಗೆ ಕೊಟ್ಟರೆ ಒತ್ತಡ 0.33 ಕೆಜಿಗೆ ಇಳಿಯುತ್ತದೆ. ಒಂಟಿ ಕಾಲಲ್ಲಿ ನಿಂತ ಮನುಷ್ಯನ ಅಂಗಾಲಿನಡಿಯೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಹಲಗೆ ಎರಡು ಇಂಚಿನಷ್ಟಾದರೂ ದಪ್ಪ ಇರಲಿ. ತೆಳುವಾದದ್ದು ನಡುವೆ ಬಗ್ಗಿ, ಭಾರವೆಲ್ಲ ಮತ್ತೆ ಅಲ್ಲೇ ಕೂರುತ್ತದೆ. ಕಲ್ಲು ಚಪ್ಪಡಿಗೆ ಈ ಸೀಮೆಯಲ್ಲಿ ಬರವಿಲ್ಲ, ಆದರೆ ಕಲ್ಲಿನ ಮೇಲೆ ಕಬ್ಬಿಣ ಜಾರುತ್ತದೆ.

ಹಲಗೆ ಮಟ್ಟವಾಗಿಯೂ ಕೂರಬೇಕು. ಜ್ಯಾಕ್ 10 ಡಿಗ್ರಿ ವಾಲಿದರೂ ಆ 500 ಕೆಜಿಯಲ್ಲಿ ಸುಮಾರು 88 ಕೆಜಿಯಷ್ಟು ಬಲ ಅಡ್ಡಕ್ಕೆ ತಳ್ಳತೊಡಗುತ್ತದೆ.

ಇನ್ನೊಂದು ಪೇಚು ಹ್ಯಾಂಡ್‌ಬ್ರೇಕಿನದು. ಹಳೆಯ ವಿಲ್ಲೀಸ್ ಜೀಪುಗಳಲ್ಲಿ ಅದು ಚಕ್ರಗಳನ್ನು ಹಿಡಿಯುತ್ತಿರಲಿಲ್ಲ, ಹಿಂದಕ್ಕೆ ಹೋಗುವ ಶಾಫ್ಟನ್ನು ಹಿಡಿಯುತ್ತಿತ್ತು. ಹಿಂದಿನ ಒಂದು ಚಕ್ರವನ್ನು ಎತ್ತಿದೊಡನೆ ಡಿಫರೆನ್ಷಿಯಲ್ ಕೃಪೆಯಿಂದ ಆ ಚಕ್ರ ಗಾಳಿಯಲ್ಲಿ ಹಿಮ್ಮುಖ ತಿರುಗಿ, ನೆಲದ ಮೇಲಿನ ಜೋಡಿ ಚಕ್ರ ಉರುಳಲು ಬಿಟ್ಟುಬಿಡುತ್ತದೆ. ಈಗಿನ ಗಾಡಿಯನ್ನು ಗೇರಿನಲ್ಲಿ ಮಾತ್ರ ನಿಲ್ಲಿಸಿದರೂ ಇದೇ ಆಗುತ್ತದೆ. ಆದ್ದರಿಂದ ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಫೋರ್‌ವೀಲನ್ನೂ ಹಾಕಿಯೇ ಇಳಿಯಬೇಕು. ಮಿಕ್ಕ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಬೇಕು, ಒಳಗೆ ಯಾರೂ ಕೂತಿರಬಾರದು.

ಎಣ್ಣೆ ಒತ್ತಡದ ಬಾಟಲ್ ಜ್ಯಾಕ್ ಸಾಧು ಪ್ರಾಣಿ. ಗಿಡ್ಡವಾಗಿದ್ದು ಆಕ್ಸಲಿನಡಿ ಕೂರುತ್ತದೆ. ಹೆಚ್ಚು ಕಷ್ಟವಾಗುವುದು ಉದ್ದ ಕಂಬಿಯ, ತೂತು ತೂತಿನ ಹೈಲಿಫ್ಟ್ ಜ್ಯಾಕಿನಿಂದ. ಬಂಪರ್ ಹಿಡಿದು ಎತ್ತಿದರೆ ಮೊದಲು ಬಾಡಿ ಮೇಲೇಳುತ್ತದೆ, ಸ್ಪ್ರಿಂಗ್ ಪೂರ್ತಿ ಚಾಚಿಕೊಂಡ ಮೇಲಷ್ಟೇ ಚಕ್ರ ಏಳುತ್ತದೆ. ಅಷ್ಟರಲ್ಲಿ ಗಾಡಿಯ ತೂಕದ ಕೇಂದ್ರ ಮೇಲೇರಿ, ಅಡ್ಡಕ್ಕೆ ಬೀಳಲು ಸಣ್ಣ ನೂಕು ಸಾಕು. ಹಗ್ಗ ಅಥವಾ ಪಟ್ಟಿಯಿಂದ ಆಕ್ಸಲನ್ನು ಚಾಸಿಗೆ ಬಿಗಿದುಕೊಂಡರೆ ಕಡಿಮೆ ಎತ್ತರದಲ್ಲೇ ಕೆಲಸವಾಗುತ್ತದೆ. ಈಗಿನ ಪ್ಲಾಸ್ಟಿಕ್ ಬಂಪರಿಗಂತೂ ಈ ಜ್ಯಾಕ್ ಹಾಕಲೇಬಾರದು.

ಇಳಿಸುವಾಗ ಇನ್ನೂ ಎಚ್ಚರ ಬೇಕು. ಏರಿಸುವಾಗ ನೀವು ಹ್ಯಾಂಡಲ್ ಒತ್ತುತ್ತೀರಿ, ಇಳಿಸುವಾಗ ಗಾಡಿಯ ಭಾರವೇ ಅದನ್ನು ಮೇಲಕ್ಕೆ ಚಿಮ್ಮಿಸಲು ನೋಡುತ್ತದೆ. ಕೈ ಜಾರಿದರೆ ದವಡೆಗೆ ಬಡಿಯುತ್ತದೆ. ಹ್ಯಾಂಡಲನ್ನು ಪೂರ್ತಿ ಮೇಲೆತ್ತಿ ಕಂಬಿಗೆ ತಾಗಿಸಿ ಹಿಡಿದ ಮೇಲೆಯೇ ದಿಕ್ಕು ಬದಲಿಸುವ ಚಿಲಕ ಮುಟ್ಟಬೇಕು. ತಲೆ ಆ ಹ್ಯಾಂಡಲಿನ ದಾರಿಗೆ ಅಡ್ಡವಿರಬಾರದು. ಭಾರ ತೀರಾ ಕಮ್ಮಿಯಾದರೆ ಈ ಜ್ಯಾಕ್ ಮೆಟ್ಟಿಲಿಳಿಯುವುದನ್ನು ಬಿಟ್ಟು ಒಮ್ಮೆಲೇ ಧಡ್ಡನೆ ಜಾರುತ್ತದೆ ಎಂಬುದೂ ನೆನಪಿರಲಿ.

ಚಕ್ರ ಎದ್ದಿತೆಂದು ಅಡಿಗೆ ನುಸುಳಬಾರದು, ಕೈಯನ್ನೂ ತೂರಿಸಬಾರದು. ಸಲಿಕೆಯಿಂದ ಮರಳು ಎಳೆದು ಗುಂಡಿ ತುಂಬಿ, ಅದರ ಮೇಲೆ ಗೋಣಿಚೀಲ, ಕಡಲೆಕಾಯಿ ಬಳ್ಳಿ, ಹೊಂಗೆ ಸೊಪ್ಪು, ಏನು ಸಿಕ್ಕರೆ ಅದನ್ನು ಕೋಲಿನಿಂದ ತಳ್ಳಿ. ದಡದ ತುಂಬ ಬಳ್ಳಾರಿ ಜಾಲಿ ಇರುತ್ತದೆ, ಆಸೆಪಡಬೇಡಿ: ಮರಳಿನಿಂದ ಎದ್ದ ಗಾಡಿ ಪಂಕ್ಚರಾಗಿ ಕೂರುತ್ತದೆ. ಚಕ್ರ ಇಳಿಸಿ, ಜ್ಯಾಕ್, ಹಲಗೆ, ತಡೆಗಲ್ಲು ಎಲ್ಲ ತೆಗೆದು, ಲೋ ರೇಂಜಿನ ಎರಡನೇ ಗೇರಿನಲ್ಲಿ, ಚಕ್ರ ಗಿರ್ರೆನ್ನದಂತೆ ಮೆಲ್ಲಗೆ ಬಿಡಬೇಕು. ಗಟ್ಟಿ ನೆಲ ಸಿಗುವವರೆಗೆ ನಿಲ್ಲಿಸುವಂತಿಲ್ಲ. ಟಾರು ರಸ್ತೆ ಸೇರಿದ ಮೇಲೆ ಓಟಕ್ಕಿಳಿಯುವ ಮುಂಚೆ ಗಾಳಿ ಮತ್ತೆ 30ಕ್ಕೆ ಬರಲಿ. ಗಾಳಿ ಕಮ್ಮಿಯಿದ್ದರೆ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾದು ಸಿಡಿಯಬಹುದು.